ಅನುಯಾಯಿಗಳ ಸಂಖ್ಯೆ ಮತ್ತು ನಮ್ಮ ಸಂಕಲ್ಪ

ಹಸಿದ ಎರಡು ತೋಳಗಳನ್ನು ಕುರಿಮಂದೆಯೊಳಗೆ ಬಿಟ್ಟರೆ ಏನಾದೀತೆಂದು ಯಾರೂ ವಿವರಿಸಬೇಕಾಗಿಲ್ಲ. ಸಂಪತ್ತಿನ ದುರಾಸೆ ಮತ್ತು ಪ್ರತಿಷ್ಠೆಯ ಹಂಬಲ ಮನುಷ್ಯನ ಧರ್ಮಕ್ಕೆ ಅದಕ್ಕಿಂತಲೂ ಹೆಚ್ಚಿನ ಹಾನಿ ಮಾಡುತ್ತವೆ ಎಂಬರ್ಥದ ಪ್ರವಾದಿವಚನವನ್ನು ಕಅಬ್ ಬಿನ್ ಮಾಲಿಕ್(ರ) ವರದಿ ಮಾಡಿದ್ದಾರೆ. ಅದು ತಿರ್ಮಿದಿಯಲ್ಲಿದೆ. ಧನದಾಸೆಯ ತೋಳವನ್ನು ನಾವು ಬೇಗನೆ ಗುರುತಿಸುತ್ತೇವೆ. ಎರಡನೆಯದು ಧರ್ಮಸೇವೆಯ ವೇಷದಲ್ಲಿಯೂ ಬರುವುದರಿಂದ ಅದರ ಗುರುತು ಹತ್ತುವುದು ಕಷ್ಟ.

ನನ್ನ ಪರಿಚಯದ ಯುವಕನೊಬ್ಬನಿದ್ದಾನೆ. ಒಳ್ಳೆಯ ಕಂಠ, ಶುದ್ಧ ಪಾರಾಯಣ. ಫಜ್ರ್ ನಮಾಝಿನ ಬಳಿಕ ಕುರ್‌ಆನಿನ ಒಂದೆರಡು ಸೂಕ್ತಗಳನ್ನು ಓದಿ, ಕನ್ನಡದಲ್ಲಿ ಅರ್ಥ ಹೇಳಿ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕತೊಡಗಿದ. ಎರಡು ತಿಂಗಳು ಕಳೆದರೂ ಅನುಯಾಯಿಗಳು ಇನ್ನೂರನ್ನು ದಾಟಲಿಲ್ಲ. ಆಗ ಪ್ರಯೋಗಗಳು ಆರಂಭವಾದವು. ಮೊದಲು ಸಮಯ ಬದಲಾಯಿತು. ಬೆಳಗ್ಗೆಗಿಂತ ರಾತ್ರಿ ಹಾಕಿದರೆ ನೋಡುವವರು ಹೆಚ್ಚು ಎಂದು ತಿಳಿಯಿತು. ಇದರಲ್ಲೇನೂ ತಪ್ಪಿಲ್ಲ. ಬಳಿಕ, ಈ ದುಆ ಓದಿದರೆ ಮೂರೇ ದಿನಗಳಲ್ಲಿ ಸಾಲ ತೀರುತ್ತದೆ ಎಂಬಂತಹ ತಲೆಬರಹಗಳು ಬಂದವು. ಅದು ಯಾವ ಹದೀಸ್ ಗ್ರಂಥದಲ್ಲಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಸಂಖ್ಯೆ ಸಾವಿರಕ್ಕೇರಿತು. ಮುಂದೆ ಬೇರೊಂದು ಸಂಘಟನೆಯ ವಿದ್ವಾಂಸರೊಬ್ಬರನ್ನು ಗೇಲಿ ಮಾಡಿದ ವೀಡಿಯೊ ಬಂತು. ಒಂದೇ ರಾತ್ರಿಯಲ್ಲಿ ಎರಡು ಸಾವಿರ ಜನ ಸೇರಿದರು. ಅರ್ಥ ಹೇಳುವ ಪಾಠ ಯಾವಾಗ ನಿಂತಿತೆಂದು ಕೇಳಿದರೆ ಅವನಿಗೇ ನೆನಪಿಲ್ಲ.

ಇದು ಹೇಗಾಗುತ್ತದೆಂದು ತಿಳಿದಿರುವುದು ಒಳ್ಳೆಯದು. ಇಂತಹ ಜಾಲತಾಣಗಳು ಒಂದು ವೀಡಿಯೊವನ್ನು ಮೊದಲು ಸ್ವಲ್ಪ ಜನರಿಗೆ ತೋರಿಸಿ ಪರೀಕ್ಷಿಸುತ್ತವೆ. ಅವರು ಕೊನೆಯವರೆಗೆ ನೋಡಿದರೇ, ಇತರರಿಗೆ ಕಳುಹಿಸಿದರೇ, ಕೆಳಗೆ ಏನಾದರೂ ಬರೆದರೇ ಎಂದು ಲೆಕ್ಕ ಹಾಕಿ, ಹೌದಾದರೆ ಇನ್ನಷ್ಟು ಜನರ ಮುಂದಿಡುತ್ತವೆ. ಹೊಗಳಿ ಬರೆದದ್ದೂ ಬೈದು ಬರೆದದ್ದೂ ಆ ಲೆಕ್ಕದೊಳಗೆ ಬರುತ್ತವೆ. ನೀವು ಪ್ರಯೋಗ ಮಾಡುತ್ತಿದ್ದೇನೆಂದು ಭಾವಿಸುತ್ತೀರಿ. ಪ್ರಯೋಗ ನಡೆಯುವುದು ನಿಮ್ಮ ಮೇಲೆಯೇ! ನಾಳೆ ಏನು ಹೇಳಬೇಕೆಂಬುದನ್ನು ನಿನ್ನೆಯ ಸಂಖ್ಯೆ ತೀರ್ಮಾನಿಸುತ್ತದೆ. ಯೂಟ್ಯೂಬ್‌ನಲ್ಲಿ 1,000 ಚಂದಾದಾರರ ಜೊತೆಗೆ ವರ್ಷಕ್ಕೆ 4,000 ಗಂಟೆಗಳ ವೀಕ್ಷಣೆಯಿದ್ದರೆ ಜಾಹೀರಾತಿನ ಆದಾಯದಲ್ಲಿ ಪಾಲು ಸಿಗುತ್ತದೆ. ಅಲ್ಲಿಗೆ ಮೊದಲನೆಯ ತೋಳವೂ ಬಂದು ಸೇರಿದಂತಾಯಿತು.

ಆ ಯುವಕನನ್ನು ನನ್ನ ಬಳಿಗೆ ಕರೆತಂದದ್ದು ಮಾತ್ರ ಬೇರೊಂದು ವೀಡಿಯೊ. ರಮಝಾನಿನಲ್ಲಿ ಗೆಳೆಯರೊಂದಿಗೆ ಬಡಮನೆಗಳಿಗೆ ಅಕ್ಕಿ, ಎಣ್ಣೆ, ಸಕ್ಕರೆ, ಖರ್ಜೂರಗಳ ಕಿಟ್ ಹಂಚಿದ್ದ. ವಿಧವೆಯೊಬ್ಬರು ಬಾಗಿಲಲ್ಲಿ ನಿಂತು ಕಿಟ್ ಪಡೆಯುವುದನ್ನು ಚಿತ್ರೀಕರಿಸಿ, ಕರುಣಾಜನಕ ಧ್ವನಿ ಸೇರಿಸಿ ಹಾಕಿದ. ಅವನ ಪುಟದಲ್ಲಿ ಅಷ್ಟು ಜನ ನೋಡಿದ ವೀಡಿಯೊ ಬೇರೊಂದಿಲ್ಲ. ಆ ತಾಯಿಯ ಹಿಂದೆ ಹೊಸ್ತಿಲಲ್ಲಿ ಎಂಟನೆಯ ತರಗತಿಯ ಮಗಳು ನಿಂತಿದ್ದಳು. ಸಹಪಾಠಿಗಳು ಅದನ್ನು ಮೊಬೈಲಿನಲ್ಲಿ ಅವಳಿಗೇ ತೋರಿಸಿದರು. ಹುಡುಗಿ ಮೂರು ದಿನ ಶಾಲೆಗೆ ಹೋಗಲಿಲ್ಲ. ಮರುವರ್ಷ ಕಿಟ್ ತಂದವರಿಗೆ ಆ ತಾಯಿ ಬಾಗಿಲು ತೆರೆಯಲಿಲ್ಲ.

“ಕೊಟ್ಟದ್ದು ನಿಜ ತಾನೇ? ನಾಲ್ಕು ಜನ ನೋಡಿ ಅವರೂ ಕೊಡಲಿ ಎಂದು ಹಾಕಿದೆ” ಎಂದ.

ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬಹಿರಂಗ ದಾನವೂ ಒಳ್ಳೆಯದೇ, ಗುಪ್ತವಾಗಿ ಬಡವರಿಗೆ ಕೊಡುವುದು ಹೆಚ್ಚು ಉತ್ತಮ ಎಂಬ ಆಶಯ ಅಲ್‌ಬಕರಃ ಅಧ್ಯಾಯದ 271ನೇ ಸೂಕ್ತದಲ್ಲಿದೆ. ಮುದರ್ ಗೋತ್ರದ ಹಸಿದ ಜನರು ಮದೀನಕ್ಕೆ ಬಂದಾಗ ಅನ್ಸಾರಿಯೊಬ್ಬರು ಹೊರಲಾರದಷ್ಟು ಭಾರದ ಚೀಲವನ್ನು ಎಲ್ಲರೆದುರಿಗೇ ತಂದಿಟ್ಟರು. ಅದನ್ನು ಕಂಡು ಇತರರೂ ತಂದರು. ಪ್ರವಾದಿವರ್ಯರ(ಸ) ಮುಖ ಸಂತೋಷದಿಂದ ಬೆಳಗಿತೆಂದು ಜರೀರ್(ರ) ಹೇಳಿರುವುದು ಮುಸ್ಲಿಮ್‌ನಲ್ಲಿದೆ. ಆದರೆ ಗಮನಿಸಿ, ಅಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ಕೊಟ್ಟವರ ಚೀಲ. ನಮ್ಮ ವೀಡಿಯೊದಲ್ಲಿ ಬೀಳುವುದು ಪಡೆಯುವವರ ಮುಖ. ಅದೇ ಅಲ್‌ಬಕರಃದ 264ನೇ ಸೂಕ್ತವು, ಎತ್ತಿ ಆಡುವುದರಿಂದ ಮತ್ತು ನೋಯಿಸುವುದರಿಂದ ದಾನ ವ್ಯರ್ಥವಾಗುತ್ತದೆಂದು ಸತ್ಯವಿಶ್ವಾಸಿಗಳನ್ನು ಎಚ್ಚರಿಸಿ, ಅಂಥವನನ್ನು ಜನರಿಗೆ ತೋರಿಸಲು ಖರ್ಚು ಮಾಡುವವನಿಗೆ ಹೋಲಿಸುತ್ತದೆ. ತೆಳುವಾಗಿ ಮಣ್ಣು ಮುಚ್ಚಿದ ನುಣುಪಾದ ಬಂಡೆಯ ಮೇಲೆ ಜೋರು ಮಳೆ ಸುರಿದರೆ ಮಣ್ಣೆಲ್ಲ ಕೊಚ್ಚಿಹೋಗಿ ಬರಿಯ ಬಂಡೆ ಉಳಿಯುತ್ತದಲ್ಲವೇ? ನಮ್ಮ ಕರಾವಳಿಯವರಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಿಲ್ಲ.

ಹುಸೈನ್(ರ)ರ ಪುತ್ರ ಝೈನುಲ್ ಆಬಿದೀನ್ ಮದೀನದಲ್ಲಿ ರಾತ್ರಿ ಹೊತ್ತು ಬೆನ್ನ ಮೇಲೆ ಆಹಾರದ ಮೂಟೆ ಹೊತ್ತು ಬಡವರ ಮನೆಗಳಿಗೆ ತಲಪಿಸುತ್ತಿದ್ದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಅವರು ತೀರಿಕೊಂಡು ಮೂಟೆಗಳು ಬರುವುದು ನಿಂತ ಮೇಲೆಯೇ ಆ ಮನೆಯವರಿಗೆ ಕೊಡುತ್ತಿದ್ದವರು ಯಾರೆಂದು ತಿಳಿದದ್ದು.

ಪಾರಾಯಣ, ಬೋಧನೆಗಳ ವಿಷಯ ಇನ್ನೂ ಸೂಕ್ಷ್ಮ. ಅಂತ್ಯದಿನ ಮೊದಲು ವಿಚಾರಣೆಗೊಳಗಾಗುವ ಮೂವರಲ್ಲಿ ಕುರ್‌ಆನ್ ಓದಿ ಕಲಿಸಿದವನೂ ಇದ್ದಾನೆ. ಜನರಿಂದ ವಿದ್ವಾಂಸನೆನಿಸಿಕೊಳ್ಳಲು ಅವನು ಅದನ್ನು ಮಾಡಿದ್ದ, ಜನ ಹಾಗೆ ಕರೆದೂ ಆಯಿತು, ಇನ್ನು ಪಡೆಯಲು ಏನೂ ಉಳಿದಿಲ್ಲ ಎಂಬುದು ಆ ಹದೀಸಿನ ಸಾರ. ಇದನ್ನು ವರದಿ ಮಾಡುವ ಮೊದಲು ಅಬೂಹುರೈರಾ(ರ) ಹಲವು ಬಾರಿ ಪ್ರಜ್ಞೆ ತಪ್ಪಿದರೆಂದು ತಿರ್ಮಿದಿಯಲ್ಲಿದೆ. ನಾವಾದರೋ ಸಂಖ್ಯೆ ಕಡಿಮೆಯಾದರೆ ನಿದ್ದೆಗೆಡುತ್ತೇವೆ.

ಹಾಗೆಂದು ಮೊಬೈಲನ್ನು ಬಾವಿಗೆ ಎಸೆಯಬೇಕೆಂದು ನಾನು ಹೇಳುವುದಿಲ್ಲ. ಒಳಿತು ಮಾಡಿದವನನ್ನು ಜನರು ತಾವಾಗಿ ಹೊಗಳಿದರೆ ಅದು ಸತ್ಯವಿಶ್ವಾಸಿಗೆ ಮುಂಗಡವಾಗಿ ಸಿಗುವ ಶುಭವಾರ್ತೆ ಎಂದು ಅಬೂದರ್(ರ)ರ ಪ್ರಶ್ನೆಗೆ ಉತ್ತರ ದೊರೆತಿದೆ. ಬಯಸದೆ ಬಂದ ಹೊಗಳಿಕೆ ಬೇರೆ, ಅದಕ್ಕಾಗಿಯೇ ಬಲೆ ಬೀಸುವುದು ಬೇರೆ. ಇನ್‌ಸ್ಟಾಗ್ರಾಮ್‌ನಲ್ಲಿ ಲೈಕ್‌ಗಳ ಸಂಖ್ಯೆಯನ್ನು ಮರೆಮಾಡುವ ಸೌಕರ್ಯ 2021ರಿಂದ ಇದೆ. ಒಂದು ತಿಂಗಳು ಅದನ್ನು ಮರೆಮಾಡಿ ನೋಡಿ. ಆಗಲೂ ಪಾಠ ಹೇಳುವ ಉತ್ಸಾಹ ಉಳಿದಿದೆಯೇ ಎಂಬುದು ನಿಮಗೂ ಅಲ್ಲಾಹನಿಗೂ ಮಾತ್ರ ತಿಳಿಯುತ್ತದೆ. ಹದೀಸ್ ಎಂದು ಏನನ್ನಾದರೂ ಹಾಕುವ ಮೊದಲು ಗ್ರಂಥದ ಹೆಸರು ಗೊತ್ತಿರಲಿ. ಮನೆಯ ಹಿರಿಯರಿಗೂ ಒಂದು ಮಾತು. ಮಕ್ಕಳು ಧಾರ್ಮಿಕ ವೀಡಿಯೊ ಹಾಕಿದಾಗ ನಾವು ಮೊದಲು ಕೇಳುವುದು ಎಷ್ಟು ಜನ ನೋಡಿದರು ಎಂದೇ. ಉಮ್ರಾಕ್ಕೆ ಹೋದ ನಾವೇ ತವಾಫ್‌ನ ನಡುವೆ ಮೊಬೈಲ್ ಎತ್ತಿಹಿಡಿದಿದ್ದೇವೆ. ಅವರು ಕಲಿತದ್ದು ಎಲ್ಲಿಂದ?

ಆ ಯುವಕ ಕಿಟ್‌ನ ವೀಡಿಯೊವನ್ನು ಅಳಿಸಿದ. ಅಷ್ಟರಲ್ಲಿ ಬೇರೆಯವರು ಅದನ್ನು ತಮ್ಮ ಪುಟಗಳಲ್ಲಿ ಹಾಕಿಕೊಂಡಿದ್ದರು. ಅವರಿಗೆಲ್ಲ ಬರೆದು ತೆಗೆಸುತ್ತಿದ್ದಾನೆ, ಇಬ್ಬರು ಇನ್ನೂ ಉತ್ತರಿಸಿಲ್ಲ. ತನ್ನ ತಾಯಿಯನ್ನು ಜೊತೆಗೆ ಕರೆದುಕೊಂಡು ಆ ಮನೆಗೆ ಹೋಗಿ ಕ್ಷಮೆ ಕೇಳಿ ಬಂದ. ಈಗ ಮತ್ತೆ ಫಜ್ರ್ ಬಳಿಕ ಎರಡು ಸೂಕ್ತಗಳನ್ನು ಓದಿ ಅರ್ಥ ಹೇಳುತ್ತಾನೆ. ವೀಡಿಯೊದಲ್ಲಿ ಅವನ ಮುಖ ಕಾಣುವುದಿಲ್ಲ, ತೆರೆದ ಕುರ್‌ಆನ್ ಮಾತ್ರ ಕಾಣುತ್ತದೆ.