ಹ್ಯಾಮ್ ರೇಡಿಯೋದಲ್ಲಿ ಕೀಟಲೆ ಮಾಡುವವರಿಗೆ ಏನು ಮದ್ದು?



ಮನೆಯ ರೇಡಿಯೋದಲ್ಲಿ ನಾವು ಕೇಳಬಹುದು ಅಷ್ಟೆ. ಹ್ಯಾಮ್ ರೇಡಿಯೋದಲ್ಲಿ ಕೇಳಲೂಬಹುದು, ಮಾತಾಡಲೂಬಹುದು. ಇದು ಹವ್ಯಾಸಿಗಳ ರೇಡಿಯೋ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಪರೀಕ್ಷೆ ಪಾಸು ಮಾಡಿ ಕೇಂದ್ರ ಸರ್ಕಾರದಿಂದ ಲೈಸೆನ್ಸ್ ಪಡೆಯಬಹುದು. ಪ್ರತಿಯೊಬ್ಬರಿಗೂ ಒಂದು ಕರೆ ಸಂಕೇತ ಕೊಡುತ್ತಾರೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರದು ವಿಯು2ಆರ್‌ಜಿ. ಮಾತಾಡುವಾಗ ಸಂಕೇತ ಹೇಳಲೇಬೇಕು. ಹಾಡು ಹಾಕುವಂತಿಲ್ಲ, ವ್ಯಾಪಾರದ ಮಾತು ಕೂಡದು.

ತೊಂದರೆ ಏನು?

ಒಂದು ಫ್ರೀಕ್ವೆನ್ಸಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಒಂದೇ ಹಗ್ಗದ ಬಾವಿ ಇದ್ದ ಹಾಗೆ. ಒಬ್ಬರು ಸೇದುವಾಗ ಇನ್ನೊಬ್ಬರು ಎಳೆದರೆ ಯಾರ ಕೊಡವೂ ತುಂಬುವುದಿಲ್ಲ. ಕೆಲವರು ಸಂಕೇತ ಹೇಳದೆ ಶಿಳ್ಳೆ ಹೊಡೆಯುತ್ತಾರೆ, ಬೈಯುತ್ತಾರೆ.

ಇದು ಬರೀ ತಮಾಷೆಯಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂದು ಅಂಡಮಾನ್ ನಿಕೋಬಾರ್ ದ್ವೀಪಗಳ ಫೋನ್ ಸಂಪರ್ಕ ಕಡಿದುಹೋಯಿತು. ಆಗ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಸಂಗಡಿಗರು ರೇಡಿಯೋದಲ್ಲೇ ಸುದ್ದಿ ಮುಟ್ಟಿಸಿದರು. ಅಂಥ ಹೊತ್ತಿನಲ್ಲಿ ಯಾರಾದರೂ ಶಿಳ್ಳೆ ಹೊಡೆದರೆ ಗತಿಯೇನು?

ಮದ್ದು ಏನು?

1. ಉತ್ತರ ಕೊಡಬಾರದು. ಬೈದರೆ ಅವನಿಗೆ ಅದೇ ಹಬ್ಬ.
2. ಆದರೆ ಬೇರೆ ಫ್ರೀಕ್ವೆನ್ಸಿಗೆ ಹೋಗಬೇಕು.
3. ತಾರೀಖು, ವೇಳೆ, ಫ್ರೀಕ್ವೆನ್ಸಿ ಬರೆದಿಡಬೇಕು. ದನಿ ರೆಕಾರ್ಡ್ ಮಾಡಬೇಕು.
4. ಹೊಸಬರು ಗೊತ್ತಿಲ್ಲದೆ ತಪ್ಪು ಮಾಡಿದ್ದರೆ ಬೇರೆಯಾಗಿ ಕರೆದು ನಯವಾಗಿ ಹೇಳಬೇಕು.
5. ಬೇಕೆಂದೇ ಮಾಡುವವನನ್ನು ಹುಡುಕಬಹುದು. ವಿಶೇಷ ಆಂಟೆನಾ ತಿರುಗಿಸಿ, ದನಿ ಜೋರಾಗಿ ಬರುವ ದಿಕ್ಕಿಗೆ ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ಚಾಮರಾಜನಗರದಿಂದ ಒಂದು ಗೆರೆ, ಗುಂಡ್ಲುಪೇಟೆಯಿಂದ ಒಂದು ಗೆರೆ ಎಳೆದರು ಅನ್ನಿ. ಎರಡೂ ಕೂಡುವ ಕಡೆ ಅವನಿರುತ್ತಾನೆ! ಹ್ಯಾಮ್‌ಗಳು ಇದನ್ನು ‘ನರಿ ಬೇಟೆ’ ಎಂಬ ಆಟವಾಗಿಯೂ ಆಡುತ್ತಾರೆ.
6. ಕೊನೆಗೆ ಸರ್ಕಾರಕ್ಕೆ ದೂರು. ಲೈಸೆನ್ಸ್ ರದ್ದಾಗಬಹುದು.

ಮೊದಲನೇ ಮದ್ದನ್ನು ನಾನೇ ಪರೀಕ್ಷೆ ಮಾಡಿದ್ದೇನೆ. ನಾನು ಮಾನಿಟರ್ ಆಗಿದ್ದಾಗ ಹಿಂದಿನ ಬೆಂಚಿನಿಂದ ಶಿಳ್ಳೆ ಬರುತ್ತಿತ್ತು. ‘ಯಾರ್ಲಾ ಅದು?’ ಅಂತ ನಾನು ಕೂಗಿದಷ್ಟೂ ಶಿಳ್ಳೆ ಜಾಸ್ತಿಯಾಯಿತು, ಎಲ್ಲರೂ ನಕ್ಕರು. ಆಮೇಲೆ ನಾನು ಸುಮ್ಮನೆ ಪಾಠ ಓದುತ್ತಾ ಕೂತೆ. ನಗುವವರೂ ಕಮ್ಮಿಯಾದರು. ಮೂರನೇ ದಿನಕ್ಕೆ ಶಿಳ್ಳೆ ನಿಂತೇಹೋಯ್ತು. ಶಿಳ್ಳೆ ಹೊಡೆದವನು ಈಗ ನನ್ನ ಸ್ನೇಹಿತ. ಅವನ ಹೆಸರು ಬರೆಯುವುದಿಲ್ಲ!

ನನಗೀಗ 13 ವರ್ಷ. ಮುಂದೆ ನಾನೂ ಹ್ಯಾಮ್ ಪರೀಕ್ಷೆ ಬರೆಯುತ್ತೇನೆ. ನನ್ನ ಜೊತೆ ಯಾರು ಬರುತ್ತೀರಿ?