ಭೂಕಂಪ ಮತ್ತು ಪೈಲ್ ಅಡಿಪಾಯದ ಜೋಡಣೆ

ಮೇಲ್ಮಣ್ಣು ಮೆದುವಾಗಿದ್ದು ಕಟ್ಟಡದ ಭಾರವನ್ನು ತಾಳಲಾರದ ಸ್ಥಳಗಳಲ್ಲಿ ಪೈಲ್ ಅಡಿಪಾಯವನ್ನು ಹಾಕಲಾಗುತ್ತದೆ. ಮುಂಬಯಿ, ಚೆನ್ನೈಗಳಂತಹ ಕರಾವಳಿ ನಗರಗಳಲ್ಲಿ ಇದು ಸಾಮಾನ್ಯ. ನೆಲದ ಆಳಕ್ಕೆ ಇಳಿಯುವ ಕಾಂಕ್ರೀಟ್ ಕಂಬವೇ ಪೈಲ್. ಇಂತಹ ಹಲವು ಪೈಲ್‌ಗಳ ತಲೆಗಳನ್ನು ಒಂದುಗೂಡಿಸಿ ಕಟ್ಟಡವನ್ನು ಹೊರುವ ದಪ್ಪ ಕಾಂಕ್ರೀಟ್ ಹಾಸಿಗೆ ಪೈಲ್ ಕ್ಯಾಪ್ ಎಂದು ಹೆಸರು.

ಸಾಮಾನ್ಯ ದಿನಗಳಲ್ಲಿ ಭಾರವು ಮೇಲಿನಿಂದ ಕೆಳಕ್ಕೆ ಒತ್ತುತ್ತದೆ. ಭೂಕಂಪದಲ್ಲಾದರೋ ನೆಲವು ಅಡ್ಡಲಾಗಿಯೂ ಅಲುಗುವುದರಿಂದ ಪೈಲ್ ಬಾಗುತ್ತದೆ. ಕಟ್ಟಡ ಒಂದು ಬದಿಗೆ ವಾಲಿದಾಗ ಇನ್ನೊಂದು ಬದಿಯ ಪೈಲ್ ಮೇಲಕ್ಕೆ ಎಳೆಯಲ್ಪಡಲೂಬಹುದು. ಪೈಲ್ ಕ್ಯಾಪಿಗೆ ಸೇರುವ ಸ್ಥಳವೇ ಈ ಬಲಗಳಿಗೆ ಹೆಚ್ಚಾಗಿ ಗುರಿಯಾಗುತ್ತದೆ.

1964ರಲ್ಲಿ ಜಪಾನಿನ ನಿಗಾಟಾ ಭೂಕಂಪಕ್ಕೆ ಸಿಕ್ಕಿದ ಕಟ್ಟಡವೊಂದನ್ನು ಅಲ್ಪ ದುರಸ್ತಿಯ ನಂತರ ಸುಮಾರು 20 ವರ್ಷ ಬಳಸಲಾಯಿತು. ಮರುನಿರ್ಮಾಣಕ್ಕಾಗಿ ಅಗೆದಾಗ ಅದರ ಪೈಲ್‌ಗಳು ಮುರಿದಿರುವುದು ಕಂಡುಬಂದಿತು. 1995ರ ಕೋಬೆ ಭೂಕಂಪದ ನಂತರವೂ ಅನೇಕ ಪೈಲ್‌ಗಳ ತಲೆಗಳು ಜಖಂಗೊಂಡಿದ್ದವು. ಭಾರತದಲ್ಲಿ 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಾಂಡ್ಲಾ ಬಂದರಿನ ಮಣ್ಣು ದ್ರವದಂತೆ ವರ್ತಿಸಿ, ಪೈಲ್‌ಗಳ ಮೇಲೆ ನಿಂತಿದ್ದ ಗೋಪುರ ಕಟ್ಟಡವು ವಾಲಿತು. ನೆಲದಡಿಯ ಹಾನಿ ಹೊರಗಿನಿಂದ ಕಾಣದು. ಆದುದರಿಂದ ನಿರ್ಮಾಣದ ಹಂತದಲ್ಲಿಯೇ ಎಚ್ಚರ ಅಗತ್ಯ.

ಸ್ಥಳದಲ್ಲಿಯೇ ಎರಕ ಹೊಯ್ದ ಪೈಲಿನ ತುದಿಯ ಕಾಂಕ್ರೀಟ್ ಕೆಸರಿನೊಡನೆ ಬೆರೆತು ದುರ್ಬಲವಾಗಿರುತ್ತದೆ. ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಅದನ್ನು ಒಡೆದು ತೆಗೆಯಬೇಕು. ಆದರೆ ಒಳಗಿನ ಉಕ್ಕಿನ ಸರಳುಗಳನ್ನು ಕತ್ತರಿಸಬಾರದು. ಭಾರತೀಯ ಮಾನಕ ಐ.ಎಸ್. 2911ರ ಪ್ರಕಾರ ಪೈಲಿನ ತಲೆ ಕ್ಯಾಪಿನೊಳಗೆ ಕನಿಷ್ಠ 50 ಮಿಲಿಮೀಟರ್ ಸೇರಿರಬೇಕು. ಇಷ್ಟೇ ಸಾಲದು. ಎಳೆತಕ್ಕೆ ಕಿತ್ತುಬಾರದಂತೆ ಸರಳುಗಳು ನಕ್ಷೆಯಲ್ಲಿ ಸೂಚಿಸಿದ ಪೂರ್ಣ ಉದ್ದಕ್ಕೆ ಕ್ಯಾಪಿನೊಳಗೆ ಹುದುಗಿರಬೇಕು. ಪೈಲಿನ ತಲೆಯ ಬಳಿ ಸರಳುಗಳನ್ನು ಸುತ್ತುವ ಉಕ್ಕಿನ ಬಳೆಗಳು ಒತ್ತೊತ್ತಾಗಿರಬೇಕು. ಕಾಂಕ್ರೀಟ್ ಬಿರುಕುಬಿಟ್ಟರೂ ಒಳಭಾಗ ಚದುರದಂತೆ ಹಿಡಿದಿಡುವುದು ಈ ಬಳೆಗಳೇ. ಅಕ್ಕಪಕ್ಕದ ಕ್ಯಾಪ್‌ಗಳನ್ನು ತೊಲೆಗಳಿಂದ ಬಂಧಿಸಿದರೆ ಅವು ಬೇರೆಬೇರೆಯಾಗಿ ಸರಿಯುವುದು ತಪ್ಪುತ್ತದೆ.

ಕ್ಯಾಪಿಗೆ ಕಾಂಕ್ರೀಟ್ ಸುರಿದ ಮೇಲೆ ಈ ಯಾವುದನ್ನೂ ನೋಡಲಾಗದು. ಗೃಹನಿರ್ಮಾಣ ಸಹಕಾರ ಸಂಘಗಳ ಸದಸ್ಯರೂ ಮನೆ ಕೊಳ್ಳುವವರೂ ಅದಕ್ಕೆ ಮೊದಲೇ ಅರ್ಹ ಎಂಜಿನಿಯರರಿಂದ ಸರಳು, ಬಳೆಗಳನ್ನು ನಕ್ಷೆಯೊಡನೆ ಹೋಲಿಸಿ ಪರೀಕ್ಷೆ ಮಾಡಿಸಿ, ಲಿಖಿತ ವರದಿಯನ್ನು ಪಡೆದಿಡುವುದು ಕ್ಷೇಮಕರ.