ಅಣುವಿನ ಎಡ-ಬಲ: ಕ್ಷ-ಕಿರಣದ ಒಂದು ಚಿಕ್ಕ ತಿದ್ದುಪಡಿ

ಬಲಮುರಿ ಶಂಖ ಯಾವುದು, ಎಡಮುರಿ ಯಾವುದು ಎಂಬುದನ್ನು ಕಣ್ಣೇ ಹೇಳುತ್ತದೆ. ಅಣುಗಳಲ್ಲಿಯೂ ಇಂಥ ಕನ್ನಡಿ-ಬಿಂಬದ ಜೋಡಿಗಳುಂಟೆಂಬುದಕ್ಕೆ ಪಾಶ್ಚರ್ ಅವರು ೧೮೪೮ರಲ್ಲಿಯೇ ಟಾರ್ಟಾರಿಕ್ ಆಮ್ಲದ ಲವಣಗಳಿಂದ ದಾರಿ ತೋರಿದರು. ಆದರೆ ಜೋಡಿಯಲ್ಲಿ ಎಡ ಯಾವುದು, ಬಲ ಯಾವುದು? ನೋಡಲು ಉಪಾಯವಿರಲಿಲ್ಲ. ೧೮೯೧ರಲ್ಲಿ ಎಮಿಲ್ ಫಿಷರ್ ಅವರು ಒಂದನ್ನು ಊಹಿಸಿಕೊಂಡು ಸಕ್ಕರೆಗಳ ಚಿತ್ರ ಬರೆದರು. ಊಹೆ ತಪ್ಪಾಗಿದ್ದರೆ, ಅದನ್ನು ಅನುಸರಿಸಿ ಅರವತ್ತು ವರ್ಷ ಬರೆದ ಚಿತ್ರಗಳೆಲ್ಲವೂ ತಿರುಗುಮುರುಗು!

ಕ್ಷ-ಕಿರಣ ಇದನ್ನು ತೀರ್ಮಾನಿಸಲಾರದೆ ಎಂದು ವಾಚಕರು ಕೇಳಬಹುದು. ಹರಳಿನಲ್ಲಿ ಕ, ಖ ಎಂಬ ಎರಡು ಬಗೆಯ ಪರಮಾಣುಗಳ ಪದರಗಳಿವೆಯೆನ್ನೋಣ. ಒಂದು ಕಡೆಯಿಂದ ಕಿರಣ ಬಿದ್ದರೆ ಖ ಪದರದ ಅಲೆ ಹಿಂದೆ ಬೀಳುತ್ತದೆ. ಎದುರು ಕಡೆಯಿಂದ ಬಿದ್ದರೆ ಕ ಪದರದ ಅಲೆ ಅಷ್ಟೇ ಹಿಂದೆ ಬೀಳುತ್ತದೆ. ಅಂತರ ಒಂದೇ ಆದುದರಿಂದ ಪ್ರತಿಫಲನದ ತೀವ್ರತೆಯೂ ಒಂದೇ. ಇದು ೧೯೧೩ರ ಫ್ರೀಡೆಲ್ ನಿಯಮ. ಹೀಗಿರುವಲ್ಲಿ ಹರಳನ್ನು ಮುಂದಿನಿಂದ ನೋಡಿದರೂ ಹಿಂದಿನಿಂದ ನೋಡಿದರೂ ಒಂದೇ.

ಆದರೆ ಖ ಪರಮಾಣುವಿನ ಒಳ ಎಲೆಕ್ಟ್ರಾನುಗಳು ಹೀರಬಲ್ಲಂಥ ಕಿರಣವನ್ನೇ ಆರಿಸಿದರೆ? ಆಗ ಅದು ಚೆದರಿಸುವ ಅಲೆಯ ಹೆಜ್ಜೆ ಕೊಂಚ ಮುಂದಾಗುತ್ತದೆ. ಕಿರಣ ಯಾವ ಕಡೆಯಿಂದ ಬಂದರೂ ಮುಂದೆಯೇ. ಒಂದು ಕಡೆ ಅಂತರ ಕುಗ್ಗುತ್ತದೆ, ಇನ್ನೊಂದು ಕಡೆ ಹಿಗ್ಗುತ್ತದೆ. ಸಮತೆ ಮುರಿಯಿತು! ೧೯೫೧ರಲ್ಲಿ ಹಾಲೆಂಡಿನ ಉಟ್ರೆಕ್ಟಿನಲ್ಲಿ ಬೈಫೂಟ್, ಪೇರ್ಡೆಮಾನ್, ಫಾನ್ ಬೊಮ್ಮೆಲ್ ಅವರು ಸೋಡಿಯಂ ರುಬಿಡಿಯಂ ಟಾರ್ಟರೇಟಿನ ಹರಳಿಗೆ ಜಿರ್ಕೋನಿಯಮ್ಮಿನ ಕಿರಣವನ್ನು ಹಾಯಿಸಿದರು. ಕಿರಣದ ಅಲೆಯುದ್ದ ೦.೭೯ ಆಂಗ್‌ಸ್ಟ್ರಾಮ್, ರುಬಿಡಿಯಮ್ಮಿನ ಹೀರಿಕೆಯ ಅಂಚು ೦.೮೨. ಫಿಷರ್ ಅವರ ಊಹೆ ಸರಿಯಾಗಿತ್ತು. ಅದೃಷ್ಟವೆನ್ನದೆ ಬೇರೇನೆನ್ನೋಣ?

(ಇದೇ ವಿಶೇಷವನ್ನು ಹಿಡಿದು ಹರಳಿನ ರಚನೆಯನ್ನೇ ಬಿಡಿಸುವ ಮಾರ್ಗವನ್ನು ಜಿ. ಎನ್. ರಾಮಚಂದ್ರನ್ ಮತ್ತು ಎಸ್. ರಾಮನ್ ಅವರು ೧೯೫೬ರಲ್ಲಿ ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು.)

ಎಡ-ಬಲದ ಗೊಡವೆ ಬೇಡವೆಂದು ರಚನೆಯ ಪರಿಷ್ಕರಣದಲ್ಲಿ ಈ ತಿದ್ದುಪಡಿಯನ್ನು ಬಿಡುವಂತಿಲ್ಲ. ಎರಡು ತುದಿಗಳೂ ಒಂದೇ ತೆರನಲ್ಲದ ಅಕ್ಷವುಳ್ಳ ಹರಳುಗಳಲ್ಲಿ, ಹೆಜ್ಜೆಯ ವ್ಯತ್ಯಾಸವನ್ನು ತುಂಬಿಕೊಡಲು ಲೆಕ್ಕವು ಭಾರವಾದ ಪರಮಾಣುವನ್ನೇ ಆ ಅಕ್ಷದ ಮೇಲೆ ಸರಿಸಿಬಿಡುತ್ತದೆ. ಬಂಧಗಳ ಉದ್ದ ಸುಳ್ಳಾಗುತ್ತದೆ. ಇಂಥ ದೋಷವನ್ನು ಕ್ರುಕ್‌ಶ್ಯಾಂಕ್ ಮತ್ತು ಮೆಕ್‌ಡೊನಾಲ್ಡ್ ಅವರು ೧೯೬೭ರಲ್ಲಿ ವಿವರಿಸಿದರು.

ಈಗ ಕೈಯನ್ನು ನಿರ್ಣಯಿಸಲು ೧೯೮೩ರಲ್ಲಿ ಫ್ಲ್ಯಾಕ್ ಅವರು ಸೂಚಿಸಿದ ಸಂಖ್ಯೆಯೊಂದುಂಟು. ಅದು ಸೊನ್ನೆಗೆ ಹತ್ತಿರವಾದರೆ ಬರೆದ ಚಿತ್ರ ಸರಿ. ಒಂದಕ್ಕೆ ಹತ್ತಿರವಾದರೆ ಚಿತ್ರವನ್ನು ತಿರುವಬೇಕು. ಜೊತೆಗೆ ಕೊಡುವ ಅನಿಶ್ಚಿತತೆಯನ್ನು ನೋಡದೆ ಸಂಖ್ಯೆಯನ್ನು ಮಾತ್ರ ನಂಬಬಾರದು. ತಾಮ್ರದ ಕಿರಣದಲ್ಲಿ ಹೆಜ್ಜೆಯನ್ನು ಮುಂದೂಡುವ ಭಾಗ ಗಂಧಕಕ್ಕೆ ಸುಮಾರು ೦.೫೬ ಎಲೆಕ್ಟ್ರಾನು, ಆಮ್ಲಜನಕಕ್ಕೆ ೦.೦೩, ಇಂಗಾಲಕ್ಕೆ ೦.೦೧ ಕೂಡ ಇಲ್ಲ.